ಇಂಗ್ಲಿಷಿನ ‘ಸ್ಪೀಡ್’ ಶಬ್ದದ ಅರ್ಥವಿಚಾರ

ಇಂಗ್ಲಿಷಿನಲ್ಲಿ ಅವಸರದ ಕೇಡನ್ನು ತಿಳಿಸುವ ಹಳೆಯ ಗಾದೆಯೊಂದುಂಟು. ಅವಸರವು ಹೆಚ್ಚಿದಷ್ಟೂ ‘ಸ್ಪೀಡ್’ ಕಡಮೆಯಾಗುವುದೆಂದು ಅದು ಹೇಳುತ್ತದೆ. ಜಾನ್ ಹೇವುಡ್ ಎಂಬವನು 1546ರಲ್ಲಿ ಪ್ರಕಟಿಸಿದ ಗಾದೆಗಳ ಗ್ರಂಥದಲ್ಲಿಯೇ ಇದು ದೊರೆಯುತ್ತದೆ. ‘ಸ್ಪೀಡ್’ ಎಂದರೆ ವೇಗವೆಂಬುದು ಈಗ ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಆ ಅರ್ಥವನ್ನೇ ಇಟ್ಟುಕೊಂಡರೆ ತ್ವರೆ ಹೆಚ್ಚಿದಷ್ಟೂ ತ್ವರೆ ಕಡಮೆ ಎಂದಂತಾಗಿ ವಾಕ್ಯವು ವ್ಯಾಹತವಾಗುವುದು. ಈ ವಿರೋಧವನ್ನು ಮಾತಿನ ಚಮತ್ಕಾರವೆಂದು ಹೇಳಿ ಪರಿಹರಿಸುವುದುಂಟು. ಆದರೆ ಮೂಲದಲ್ಲಿ ವಿರೋಧವೇ ಇಲ್ಲ. ಗಾದೆ ಹುಟ್ಟಿದ ಕಾಲದಲ್ಲಿ ಆ ಶಬ್ದಕ್ಕೆ ಕಾರ್ಯಸಿದ್ಧಿ ಎಂಬ ಅರ್ಥವು ಪ್ರಸಿದ್ಧವಾಗಿದ್ದಿತು. ಅವಸರಪಟ್ಟಷ್ಟೂ ಕೆಲಸ ಕೈಗೂಡುವುದು ಕಡಮೆ ಎಂಬುದೇ ಅದರ ನೇರವಾದ ತಾತ್ಪರ್ಯ.

ಪ್ರಾಚೀನ ಇಂಗ್ಲಿಷಿನಲ್ಲಿ ಈ ಶಬ್ದದ ರೂಪವು ‘ಸ್ಪೇಡ್’. ಸಿದ್ಧಿ, ಅಭ್ಯುದಯ, ಸಂಪತ್ತು, ಸಾಮರ್ಥ್ಯ ಎಂಬವು ಅದರ ಅರ್ಥಗಳು. ಅದರಿಂದ ಹುಟ್ಟಿದ ‘ಸ್ಪೇಡಿಗ್’ ಎಂಬ ವಿಶೇಷಣಕ್ಕೆ ಧನಿಕನೆಂದೂ, ಅದಕ್ಕೆ ನಿಷೇಧಾರ್ಥದ ಉಪಸರ್ಗವು ಸೇರಿದ ‘ಅನ್‌ಸ್ಪೇಡಿಗ್’ ಎಂಬುದಕ್ಕೆ ದರಿದ್ರನೆಂದೂ ಅರ್ಥವಿದ್ದಿತು. ಶೀಘ್ರತೆಯ ಅರ್ಥವು ಆ ಭಾಷೆಯ ಕಡೆಯ ಕಾಲದಲ್ಲಿ ಮೊಳೆತು, ಕ್ರಮೇಣ ಉಳಿದ ಅರ್ಥಗಳನ್ನು ಹಿಂದಕ್ಕೆ ತಳ್ಳಿತು.

ಜ್ಞಾತಿಭಾಷೆಗಳೂ ಇದಕ್ಕೆ ಸಾಕ್ಷಿಯಾಗಿವೆ. ಡಚ್ ಭಾಷೆಯಲ್ಲಿ ‘ಸ್ಪೂಡ್’ ಎಂದರೆ ತ್ವರೆ. ಆದರೆ ಅದೇ ಪದವುಳ್ಳ ‘ವೋರ್‌ಸ್ಪೂಡ್’ ಎಂದರೆ ಅಭ್ಯುದಯ, ‘ತೇಗೆನ್‌ಸ್ಪೂಡ್’ ಎಂದರೆ ವಿಪತ್ತು. ಬಿಡಿಪದದಲ್ಲಿ ಅಳಿದ ಅರ್ಥವು ಸಮಾಸದಲ್ಲಿ ಉಳಿದುಬಂದಿದೆ. ರಷ್ಯನ್ ಭಾಷೆಯ ‘ಉಸ್ಪೇಖ್’ ಎಂಬ ಸಿದ್ಧಿವಾಚಕವೂ ‘ಸ್ಪೆಶಿತ್’ ಎಂಬ ತ್ವರಾವಾಚಕ ಕ್ರಿಯೆಯೂ ಇದೇ ಮೂಲಕ್ಕೆ ಸೇರಿದವು. ಆದುದರಿಂದ ಈ ಎರಡು ಅರ್ಥಗಳ ಸಹವಾಸವು ಇಂಗ್ಲಿಷೊಂದರಲ್ಲಿ ಅಕಸ್ಮಾತ್ತಾಗಿ ಒದಗಿದುದಲ್ಲ.

ಈ ಮೂಲಕ್ಕೆ ಸಂಸ್ಕೃತದಲ್ಲಿ ಪ್ರತಿಯಾಗಿರುವುದು ವೃದ್ಧ್ಯರ್ಥಕವಾದ ‘ಸ್ಫಾಯ್’ ಧಾತು. ನಿಷ್ಠಾಪ್ರತ್ಯಯವು ಪರವಾದಾಗ ಇದಕ್ಕೆ ‘ಸ್ಫೀ’ ಎಂಬ ಆದೇಶವನ್ನು ಪಾಣಿನಿಯು ಆರನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ ವಿಧಿಸಿದ್ದಾನೆ. ಹಾಗೆ ಸಿದ್ಧವಾದ ‘ಸ್ಫೀತ’ ಶಬ್ದವನ್ನು ವಾಲ್ಮೀಕಿಯು ಕೋಸಲದೇಶದ ಸಮೃದ್ಧಿಯನ್ನು ವರ್ಣಿಸುವಲ್ಲಿ ಬಳಸಿರುವನು. ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ‘ಸ್ಫೀತ’, ‘ಸ್ಪೀಡ್’ ಎಂಬ ಎರಡನ್ನೂ ಒಟ್ಟಿಗೆ ಕೇಳಿದವರಿಗೆ ಅವು ಒಂದೇ ಪದದ ಎರಡು ರೂಪಗಳೆಂದು ತೋರುವುದು ಸಹಜ. ಆದರೆ ಇಂಗ್ಲಿಷಿನ ಈಕಾರವು ಈಚಿನದು. ಹದಿನೈದನೆಯ ಶತಮಾನದಿಂದ ಮೊದಲಾದ ದೀರ್ಘಸ್ವರಗಳ ಪಲ್ಲಟದಲ್ಲಿ ಹಳೆಯ ಏಕಾರವು ಈಕಾರವಾಯಿತು. ಆ ಏಕಾರವಾದರೂ ಅದಕ್ಕಿಂತ ಹಿಂದಿನ ಓಕಾರದ ವಿಕಾರ. ಆದುದರಿಂದ ಈಕಾರಗಳ ಸಾಮ್ಯವು ಕಾಕತಾಳೀಯ.

ರಚನೆಯಲ್ಲಿ ‘ಸ್ಪೀಡ್’ ಶಬ್ದಕ್ಕೆ ಹತ್ತಿರವಾದುದು ವೇದದಲ್ಲಿ ಕಂಡುಬರುವ ‘ಸ್ಫಾತಿ’ ಶಬ್ದ. ಯಕಾರವು ಲೋಪವಾಗಿ ‘ತಿ’ ಎಂಬ ಭಾವಪ್ರತ್ಯಯವು ಅಲ್ಲಿ ಸೇರಿದೆ. ಇಂಗ್ಲಿಷಿನ ಕೊನೆಯ ಡಕಾರವು ಅದೇ ಪ್ರತ್ಯಯದ ಅವಶೇಷ. ಮೂಲದ ತಕಾರವು ಸ್ವರಭಾರದ ಸ್ಥಾನವನ್ನನುಸರಿಸಿ ಜರ್ಮಾನಿಕ್ ಭಾಷೆಗಳಲ್ಲಿ ಮೃದುವಾಗುವುದೆಂಬ ನಿಯಮವನ್ನು ಡೆನ್ಮಾರ್ಕಿನ ಕಾರ್ಲ್ ವೆರ್ನರ್ ಪಂಡಿತನು 1875ರಲ್ಲಿ ಕಂಡುಹಿಡಿದನು. ಸಕಾರಕ್ಕೆ ಪರವಾದ ಪಕಾರವು ಅಲ್ಲಿ ಮಾರ್ಪಡದೆ ನಿಲ್ಲುವುದೂ ನಿಯಮಸಿದ್ಧವೇ. ಜ್ಞಾತಿತ್ವಕ್ಕೆ ಪ್ರಮಾಣವು ಇಂಥ ನಿಯಮಗಳೇ ಹೊರತು ಕಿವಿಗೆ ತೋರುವ ಹೋಲಿಕೆಯಲ್ಲ.

ವೃದ್ಧಿಯಿಂದ ಶೀಘ್ರತೆಗೆ ಅರ್ಥವು ಸಾಗಿದ ಬಗೆಯನ್ನು ಆಲಂಕಾರಿಕರ ಲಕ್ಷಣಾವಿಚಾರದಿಂದ ವಿವರಿಸಬಹುದು. ಆಯುಸ್ಸಿಗೆ ಕಾರಣವಾದ ತುಪ್ಪವನ್ನೇ ಆಯುಸ್ಸೆಂದು ಕರೆಯುವುದು ಕಾರ್ಯಕಾರಣಸಂಬಂಧದಿಂದ ಬಂದ ಲಕ್ಷಣೆ. ಅದರಂತೆ ಸಿದ್ಧಿಗೆ ಸಾಧನವಾದ ಚುರುಕುತನಕ್ಕೆ ಸಿದ್ಧಿಯ ಹೆಸರೇ ಸಂದಿತು. ಅನಂತರ ಅದು ರೂಢವಾಯಿತು. ದರ್ಭೆಯನ್ನು ತರುವವನೆಂಬ ವ್ಯುತ್ಪತ್ತಿಯನ್ನು ಮರೆತು ‘ಕುಶಲ’ನನ್ನು ಬರಿಯ ನಿಪುಣನೆಂದು ತಿಳಿಯುವಂತೆ, ‘ಸ್ಪೀಡ್’ ಎಂಬಲ್ಲಿಯೂ ಮೊದಲಿನ ಅರ್ಥವು ಮರೆಯಾಯಿತು.

ಆದರೆ ಅದು ಒಮ್ಮೆಗೇ ಮರೆಯಾಗಲಿಲ್ಲ. 1611ರ ಇಂಗ್ಲಿಷ್ ಬೈಬಲಿನ ಆದಿಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿ ಅಬ್ರಹಾಮನ ಸೇವಕನು ಒಡೆಯನ ಮಗನಿಗೆ ಕನ್ಯೆಯನ್ನರಸುತ್ತ ಬಾವಿಯ ಬಳಿ ನಿಂತು ದೇವರಲ್ಲಿ ಒಳ್ಳೆಯ ‘ಸ್ಪೀಡ’ನ್ನು ಬೇಡುತ್ತಾನೆ. ಅವನು ಬೇಡಿದುದು ಒಂಟೆಗಳ ಓಟವನ್ನಲ್ಲ, ಬಂದ ಕಾರ್ಯದ ಸಫಲತೆಯನ್ನು. ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದ ಮೊದಲನೆಯ ಅಂಕದಲ್ಲಿ ಬ್ರೂಟಸನು ದೇವತೆಗಳು ತನಗೆ ಒಳ್ಳೆಯದನ್ನು ಮಾಡಲೆಂಬಲ್ಲಿ ಬಳಸಿದ ಕ್ರಿಯಾಪದವೂ ಇದೇ. 1755ರ ಜಾನ್ಸನನ ನಿಘಂಟಿನ ವೇಳೆಗೆ ಶೀಘ್ರತೆಯು ಮೊದಲ ಅರ್ಥವಾಗಿ, ಸಿದ್ಧಿಯು ಹಿಂದೆ ಸರಿದಿರುವುದು ಕಾಣುತ್ತದೆ. ಪ್ರಯಾಣ ಹೊರಟವರಿಗೆ ಹೇಳುವ ‘ಗಾಡ್‌ಸ್ಪೀಡ್’ ಎಂಬ ಹರಕೆಯಲ್ಲಿ ಮಾತ್ರ ಹಳೆಯ ಅರ್ಥವು ಇಂದಿಗೂ ಜೀವಿಸಿದೆ. ದೇವರು ನಿನ್ನ ಕಾರ್ಯವನ್ನು ಕೈಗೂಡಿಸಲಿ ಎಂಬುದು ಅದರ ಭಾವ. 1962ರ ಫೆಬ್ರವರಿ 20ರಂದು ಜಾನ್ ಗ್ಲೆನ್ ಎಂಬ ಅಮೆರಿಕನ್ ಗಗನಯಾತ್ರಿಯು ಭೂಪ್ರದಕ್ಷಿಣೆಗೆ ಹೊರಟಾಗ ಅವನ ಜೊತೆಗಾರ ಸ್ಕಾಟ್ ಕಾರ್ಪೆಂಟರನು ಇದೇ ಮಾತಿನಿಂದ ಹರಸಿದನು. ರಾಕೆಟ್ಟಿಗೆ ವೇಗದ ಕೊರತೆಯೇನೂ ಇರಲಿಲ್ಲ. ಬೇಕಾಗಿದ್ದುದು ಯಾತ್ರೆಯ ಸಫಲತೆ.

ತ್ವರೆಯನ್ನು ಹೇಳುವ ಇತರ ಇಂಗ್ಲಿಷ್ ಶಬ್ದಗಳ ಚರಿತ್ರೆಯೂ ಇಂತಹುದೇ. ‘ಕ್ವಿಕ್’ ಎಂಬುದು ಸಂಸ್ಕೃತದ ‘ಜೀವ’ ಶಬ್ದದ ಜ್ಞಾತಿ. ಸಜೀವವೆಂಬುದು ಅದರ ಮೊದಲ ಅರ್ಥ. ಪಾದರಸದ ಹೆಸರಾದ ‘ಕ್ವಿಕ್‌ಸಿಲ್ವರ್’ ಎಂದರೆ ಜೀವವುಳ್ಳ ಬೆಳ್ಳಿ. ‘ಫಾಸ್ಟ್’ ಎಂಬುದಕ್ಕೆ ದೃಢವೆಂಬುದು ಮೂಲಾರ್ಥ. ನಮ್ಮ ‘ವೇಗ’ ಶಬ್ದವಾದರೋ ಭಯ ಮತ್ತು ಚಲನಗಳನ್ನು ಹೇಳುವ ‘ವಿಜ್’ ಧಾತುವಿನಿಂದ ಬಂದುದು. ‘ಉದ್ವೇಗ’ವು ಅದರ ಒಡಹುಟ್ಟು, ಕನ್ನಡದ ‘ಬೇಗ’ವು ಅದರ ತದ್ಭವ. ಒಂದು ಭಾಷೆಯ ಶಬ್ದವು ಸಮೃದ್ಧಿಯಿಂದ ಹೊರಟು, ಇನ್ನೊಂದರ ಶಬ್ದವು ನಡುಕದಿಂದ ಹೊರಟು, ಎರಡೂ ಒಂದೇ ಅರ್ಥಕ್ಕೆ ಬಂದು ನಿಂತಿವೆ.

ಭೌತಶಾಸ್ತ್ರದಲ್ಲಿ ‘ಸ್ಪೀಡ್’ ಎಂಬುದು ದಿಕ್ಕಿನ ವಿವಕ್ಷೆಯಿಲ್ಲದ ಪರಿಮಾಣ. ದಿಕ್ಕೂ ಸೇರಿದರೆ ಅದು ‘ವೆಲಾಸಿಟಿ’. ಕನ್ನಡದ ಪಾಠ್ಯಪುಸ್ತಕಗಳು ಮೊದಲನೆಯದಕ್ಕೆ ‘ಜವ’ವನ್ನೂ ಎರಡನೆಯದಕ್ಕೆ ‘ವೇಗ’ವನ್ನೂ ಗೊತ್ತುಮಾಡಿವೆ. ಇದು ಶಾಸ್ತ್ರಕ್ಕಾಗಿ ಮಾಡಿಕೊಂಡ ಸಂಕೇತ. ಕಾವ್ಯದಲ್ಲಿ ಇವೆರಡೂ ಪರ್ಯಾಯಗಳಾಗಿಯೇ ನಡೆಯುವುವು.

ಶಾಸ್ತ್ರದ ಸಂಕೇತವನ್ನು ಕಾವ್ಯಕ್ಕೂ, ಇಂದಿನ ರೂಢಿಯನ್ನು ಹಿಂದಿನ ವಾಕ್ಯಕ್ಕೂ ಹಚ್ಚಿದರೆ ಅರ್ಥವು ಕೆಡುವುದು. ಅಬ್ರಹಾಮನ ಸೇವಕನ ಪ್ರಾರ್ಥನೆಯನ್ನು ಕನ್ನಡಿಸುವವನು ಅಲ್ಲಿ ‘ವೇಗ’ವೆಂದು ಬರೆದರೆ, ಆ ಪ್ರಾರ್ಥನೆಯ ಫಲವೇ ಕಳೆದುಹೋಗುವುದು. ಶಬ್ದವು ಯಾವ ಕಾಲದ್ದೆಂದು ಮೊದಲು ವಿಚಾರಿಸಿ, ಬಳಿಕ ಅದರ ಅರ್ಥವನ್ನು ಹೇಳತಕ್ಕದ್ದು. ಅರ್ಥ ಹೇಳುವುದರಲ್ಲಿಯೂ ಅವಸರವು ಸಿದ್ಧಿಗೆ ವಿಘ್ನವೇ ಆಗಿದೆ.