ಯಂತ್ರದ ಪಕ್ಕ ನಿಂತವರು

ಶಾಲೆಗೆ ಕಂಪ್ಯೂಟರ್ ಬಂದ ಚರಿತ್ರೆಯನ್ನು ಸಾಮಾನ್ಯವಾಗಿ ಯಂತ್ರಗಳ ವಂಶಾವಳಿಯಂತೆ ಹೇಳುವುದು ವಾಡಿಕೆ. ಯಾವ ಕಂಪನಿ ಯಾವ ವರ್ಷ ಯಾವ ಯಂತ್ರ ಹೊರತಂದಿತು, ಬೆಲೆ ಎಷ್ಟಿತ್ತು, ಎಷ್ಟು ಮಾರಾಟವಾಯಿತು ಎಂಬ ಲೆಕ್ಕದಲ್ಲೇ ಕಥೆ ಮುಗಿದುಬಿಡುತ್ತದೆ. 1970ರ ದಶಕದ ಕ್ಯಾಲಿಫೋರ್ನಿಯಾವನ್ನು, ಅದರಲ್ಲೂ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಣ ಊರುಗಳನ್ನು ಹತ್ತಿರದಿಂದ ನೋಡಿದರೆ ಈ ಲೆಕ್ಕದಲ್ಲಿ ಒಂದು ದೊಡ್ಡ ಬಾಬತ್ತು ಬಿಟ್ಟುಹೋಗಿರುವುದು ಕಾಣುತ್ತದೆ. ಅಲ್ಲಿ ಕಂಪ್ಯೂಟರನ್ನು ಕಲಿಕೆಯ ಸಾಧನವಾಗಿ ಮಾಡಿದ್ದು ಯಂತ್ರದ ಪಕ್ಕ ನಿಂತು, ಬಂದವರ ಕೈಯನ್ನು ಕೀಲಿಮಣೆಯ ಮೇಲೆ ಇಡಿಸಿ, ಕೇಳಿದ್ದಕ್ಕೆಲ್ಲ ಸಹನೆಯಿಂದ ಉತ್ತರ ಹೇಳಿದ ಜನ. ಬಹುಪಾಲು ಮಂದಿ ಆ ಕೆಲಸಕ್ಕೆ ಸಂಬಳ ಪಡೆದವರಲ್ಲ. ಅವರ ನಡುವೆ ಬೆಳೆದ ಒಡನಾಟ ಅವರು ತೋರಿಸಿದ ಯಂತ್ರಗಳಿಗಿಂತ ಹೆಚ್ಚು ಕಾಲ ಬಾಳಿತು ಎಂಬುದು ನನ್ನ ವಾದ.

ಮೊದಲ ಸಾಕ್ಷ್ಯ ಬರ್ಕ್ಲಿಯ ಒಂದು ಗ್ರಾಮಫೋನ್ ತಟ್ಟೆಗಳ ಅಂಗಡಿಯದು. 1973ರ ಆಗಸ್ಟ್‌ನಲ್ಲಿ ಲಿಯೋಪೋಲ್ಡ್ಸ್ ರೆಕಾರ್ಡ್ಸ್ ಎಂಬ ಆ ಅಂಗಡಿಯ ಬಾಗಿಲ ಬಳಿ ಲೀ ಫೆಲ್ಸೆನ್‌ಸ್ಟೈನ್, ಎಫ್ರೆಮ್ ಲಿಪ್ಕಿನ್ ಮತ್ತು ಗೆಳೆಯರು ಒಂದು ಟೆಲಿಟೈಪ್ ಯಂತ್ರ ಇಟ್ಟರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ದೊಡ್ಡ ಕಂಪ್ಯೂಟರಿಗೆ ದೂರವಾಣಿ ತಂತಿಯ ಮೂಲಕ ಅದನ್ನು ಜೋಡಿಸಿದ್ದರು. ದಾರಿಹೋಕರು ಯಾರು ಬೇಕಾದರೂ ಅದರಲ್ಲಿ ಸಂದೇಶ ಬರೆದಿಡಬಹುದು, ಬೇರೆಯವರು ಬರೆದದ್ದನ್ನು ಹುಡುಕಿ ಓದಬಹುದು. ಕಮ್ಯುನಿಟಿ ಮೆಮೊರಿ ಎಂದು ಅದರ ಹೆಸರು. ಜನ ಕಂಪ್ಯೂಟರನ್ನು ಸರ್ಕಾರದ್ದೋ ಬ್ಯಾಂಕಿನದ್ದೋ ಸೊತ್ತೆಂದು ತಿಳಿದು ದೂರ ನಿಲ್ಲುತ್ತಿದ್ದ ಕಾಲ ಅದು. ಹಾಗಾಗಿ ಯಂತ್ರದ ಪಕ್ಕ ಒಬ್ಬರು ಸದಾ ನಿಂತು ಕರೆದು ತೋರಿಸಲೆಂದು ಏರ್ಪಾಡಾಗಿತ್ತು. ಯಂತ್ರ ಒಂದಿದ್ದರೆ ಸಾಲದು, ಅದಕ್ಕೆ ಒಬ್ಬ ಜೊತೆಗಾರ ಬೇಕು ಎಂಬ ತಿಳಿವಳಿಕೆ ಅದನ್ನು ಕಟ್ಟಿದವರಿಗೆ ಆರಂಭದಲ್ಲೇ ಇತ್ತು.

ಇದಕ್ಕೂ ಸುಮಾರು ಒಂದು ವರ್ಷ ಮೊದಲೇ, 1972ರ ಅಕ್ಟೋಬರ್‌ನಲ್ಲಿ, ಮೆನ್ಲೋ ಪಾರ್ಕ್‌ನಲ್ಲಿ ಬಾಬ್ ಆಲ್‌ಬ್ರೆಕ್ಟ್ ಪೀಪಲ್ಸ್ ಕಂಪ್ಯೂಟರ್ ಕಂಪನಿ ಎಂಬ ಪತ್ರಿಕೆ ಶುರುಮಾಡಿದ್ದರು. ಹೆಸರಿನಲ್ಲಿ ಕಂಪನಿ ಇದ್ದರೂ ಅದು ವ್ಯಾಪಾರದ ಸಂಸ್ಥೆಯಲ್ಲ. ಪತ್ರಿಕೆಯ ಜೊತೆಗೆ ಮಕ್ಕಳೂ ದೊಡ್ಡವರೂ ಒಳಬಂದು ಕೈಯಾಡಿಸಬಹುದಾದ ಒಂದು ಕಂಪ್ಯೂಟರ್ ಕೇಂದ್ರವನ್ನೂ ಅವರು ನಡೆಸಿದರು. ಬುಧವಾರದ ಸಂಜೆಗಳಲ್ಲಿ ಒಬ್ಬೊಬ್ಬರು ಒಂದೊಂದು ಅಡುಗೆ ತಂದು ಹಂಚಿ ಉಣ್ಣುವ ಕೂಟ ನಡೆಯುತ್ತಿತ್ತು. ಶಾಲಾ ಶಿಕ್ಷಕರು, ಎಂಜಿನಿಯರುಗಳು, ಕೆಲಸವಿಲ್ಲದ ತರುಣರು ಅಲ್ಲಿ ಒಂದೇ ಮೇಜಿಗೆ ಕೂರುತ್ತಿದ್ದರು. ಆಲ್‌ಬ್ರೆಕ್ಟ್ ಮತ್ತು ಡೆನಿಸ್ ಆಲಿಸನ್ ಚಿಕ್ಕ ಯಂತ್ರಗಳಿಗೆ ಹೊಂದುವಂತೆ ಟೈನಿ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ರೂಪುರೇಷೆ ಹಾಕಿದಾಗ ಅವರ ಕಣ್ಣ ಮುಂದಿದ್ದದ್ದು ಏಳೆಂಟು ವರ್ಷದ ಮಕ್ಕಳು. ರೂಪುರೇಷೆಯನ್ನು ಪತ್ರಿಕೆಯಲ್ಲಿ ಅಚ್ಚುಮಾಡಿದರು. ಓದುಗರು ತಮ್ಮ ತಮ್ಮ ಯಂತ್ರಗಳಿಗೆ ಅದನ್ನು ಬರೆದು ಕಳಿಸತೊಡಗಿದರು. ಅವನ್ನು ಪ್ರಕಟಿಸಲೆಂದೇ 1976ರ ಜನವರಿಯಲ್ಲಿ ಡಾಕ್ಟರ್ ಡಾಬ್ಸ್ ಜರ್ನಲ್ ಹುಟ್ಟಿತು. ಅದರ ಮೊದಲ ಸಂಪಾದಕ ಜಿಮ್ ವಾರೆನ್.

1975ರ ಮಾರ್ಚ್ 5ರಂದು ಮೆನ್ಲೋ ಪಾರ್ಕ್‌ನಲ್ಲಿರುವ ಗಾರ್ಡನ್ ಫ್ರೆಂಚ್ ಅವರ ಗ್ಯಾರೇಜಿನಲ್ಲಿ 32 ಮಂದಿ ಸೇರಿ ಕಟ್ಟಿದ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ಬಿನ ಕಥೆಯನ್ನು ಆಪಲ್ ಕಂಪನಿಯ ಪೀಠಿಕೆಯಾಗಿ ಬಹಳ ಮಂದಿ ಬರೆದಿದ್ದಾರೆ. ಆ ಸಭೆ ಕರೆದ ಇನ್ನೊಬ್ಬರ ಹೆಸರು ಮಾತ್ರ ಹಿಂದೆ ಸರಿದಿದೆ. ಅವರು ಫ್ರೆಡ್ ಮೂರ್. 1959ರಲ್ಲಿ ಕಡ್ಡಾಯ ಸೈನಿಕ ತರಬೇತಿಯನ್ನು ವಿರೋಧಿಸಿ ಬರ್ಕ್ಲಿ ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆ ಉಪವಾಸ ಕೂತಿದ್ದ ಶಾಂತಿವಾದಿ ಅವರು. ಆಸಕ್ತರ ಹೆಸರು, ವಿಳಾಸ, ಅವರಲ್ಲಿ ಏನಿದೆ, ಅವರಿಗೆ ಏನು ಬೇಕು ಎಂಬುದನ್ನೆಲ್ಲ ಪಟ್ಟಿಮಾಡಿ ಒಬ್ಬರನ್ನೊಬ್ಬರಿಗೆ ಪರಿಚಯಿಸುವುದೇ ಅವರ ಹಂಬಲವಾಗಿತ್ತು. ಮುಂದೆ ಸಭೆ ಸ್ಟ್ಯಾನ್‌ಫರ್ಡಿನ ದೊಡ್ಡ ಸಭಾಂಗಣಕ್ಕೆ ಹೋಯಿತು. ಫೆಲ್ಸೆನ್‌ಸ್ಟೈನ್ ನಡೆಸಿಕೊಡುತ್ತಿದ್ದ ಆ ಸಭೆಗೆ ಎರಡು ಭಾಗ. ಮೊದಲು ಪ್ರತಿಯೊಬ್ಬರೂ ಎದ್ದುನಿಂತು ತಮ್ಮಲ್ಲಿರುವುದನ್ನೂ ತಮಗೆ ಬೇಕಾದುದನ್ನೂ ಹೇಳಬೇಕು, ಆಮೇಲೆ ಸಭೆ ಚೆದುರಿ ಬೇಕಾದವರು ಬೇಕಾದವರನ್ನು ಹುಡುಕಿಕೊಳ್ಳಬೇಕು. ಸ್ಟೀವ್ ವೋಜ್ನಿಯಾಕ್ ತಮ್ಮ ಮೊದಲ ಯಂತ್ರದ ಸರ್ಕ್ಯೂಟ್ ನಕ್ಷೆಯ ಪ್ರತಿಗಳನ್ನು ಹಂಚಿದ್ದು ಅಲ್ಲಿಯೇ. ಬೇಸಿಕ್ ಭಾಷೆಯನ್ನು ಒಳಗೇ ಅಡಕ ಮಾಡಿ, ಹೊಸ ಫಲಕಗಳನ್ನು ಸಿಕ್ಕಿಸಲು ಜಾಗ ಬಿಟ್ಟಿದ್ದ ಆಪಲ್ 2 ರೂಪುಗೊಂಡದ್ದು ಕ್ಲಬ್ಬಿನ ಗೆಳೆಯರಿಗೆ ತೋರಿಸುವ ಹುರುಪಿನಲ್ಲಿ. ಶಾಲೆಗಳಿಗೆ ಅದು ಒಗ್ಗಲು ಈ ಎರಡು ಗುಣಗಳೇ ಬಹುಮಟ್ಟಿಗೆ ಕಾರಣ.

ಆ ಯಂತ್ರ ಸಾರ್ವಜನಿಕರಿಗೆ ಮೊದಲು ಕಂಡದ್ದು 1977ರ ಏಪ್ರಿಲ್ 16 ಮತ್ತು 17ರಂದು ಸ್ಯಾನ್ ಫ್ರಾನ್ಸಿಸ್ಕೋದ ಸಿವಿಕ್ ಆಡಿಟೋರಿಯಂನಲ್ಲಿ ನಡೆದ ವೆಸ್ಟ್ ಕೋಸ್ಟ್ ಕಂಪ್ಯೂಟರ್ ಫೇರ್‌ನಲ್ಲಿ. ಅದನ್ನು ಏರ್ಪಡಿಸಿದವರು ಅದೇ ಜಿಮ್ ವಾರೆನ್. ಹವ್ಯಾಸಿ ಕೂಟಗಳು ಬೆನ್ನಿಗೆ ನಿಂತವು. 12 ಸಾವಿರಕ್ಕೂ ಹೆಚ್ಚು ಜನ ಬಂದರು. ಯಂತ್ರ ಕಟ್ಟಿದವರೇ ಮಳಿಗೆಯಲ್ಲಿ ನಿಂತು ವಿವರಿಸಿದ್ದು ಆ ಮೇಳದ ವಿಶೇಷ. ಕೇಳುವವನೂ ಹೇಳುವವನೂ ಒಂದೇ ಹುಚ್ಚು ಹಿಡಿದವರಾಗಿದ್ದರಿಂದ ಮಾತು ಬೆಲೆಯಲ್ಲಿ ನಿಲ್ಲದೆ ಒಳಗಿನ ಕೆಲಸದವರೆಗೆ ಹೋಗುತ್ತಿತ್ತು.

ಇಲ್ಲಿ ಕೆಲವು ಆಕ್ಷೇಪಗಳಿಗೆ ಉತ್ತರ ಹೇಳಲೇಬೇಕು. ಶಾಲೆಗೆ ಕಂಪ್ಯೂಟರ್ ತಂದದ್ದು ಮಾರುಕಟ್ಟೆಯೇ ಹೊರತು ಹವ್ಯಾಸಿಗಳಲ್ಲ ಎಂಬುದು ಮೊದಲನೆಯದು. ಆಪಲ್ ಕಂಪನಿ 1983ರಲ್ಲಿ ಕ್ಯಾಲಿಫೋರ್ನಿಯಾದ ಶಾಲೆಗಳಿಗೆ ತಲಾ ಒಂದರಂತೆ ಸುಮಾರು ಒಂಬತ್ತು ಸಾವಿರ ಯಂತ್ರಗಳನ್ನು ಕೊಟ್ಟದ್ದು ನಿಜ. ಆದರೆ ಆ ಹೊತ್ತಿಗೆ ಅಲ್ಲಿನ ಶಿಕ್ಷಕರು ತಾವಾಗಿ ಕಟ್ಟಿಕೊಂಡಿದ್ದ ಕಂಪ್ಯೂಟರ್ ಯೂಸಿಂಗ್ ಎಜುಕೇಟರ್ಸ್ ಸಂಘಕ್ಕೆ ಐದು ವರ್ಷ ತುಂಬಿತ್ತು. 1978ರಲ್ಲಿ ಅದನ್ನು ಹುಟ್ಟುಹಾಕಿದವರಲ್ಲಿ ಒಬ್ಬರಾದ ಲೀರಾಯ್ ಫಿಂಕೆಲ್, ಆಲ್‌ಬ್ರೆಕ್ಟ್ ಜೊತೆ ಕೂತು ಬೇಸಿಕ್ ಭಾಷೆಯ ಸ್ವಯಂಬೋಧಿನಿ ಬರೆದವರು. ಯಂತ್ರವನ್ನು ದಾನವಾಗಿ ಕೊಡಬಹುದು, ಅದನ್ನು ತರಗತಿಯಲ್ಲಿ ಬಳಸಬಲ್ಲ ಗೆಳೆಯರ ಬಳಗವನ್ನು ಹಾಗೆ ಕೊಡಲಾಗದು. ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಸಂಬಳವಿಲ್ಲದೆ ದುಡಿಯಲು ಬಿಡುವೂ ಅನ್ನದ ನಿಶ್ಚಿಂತೆಯೂ ಬೇಕು. ಹೋಮ್‌ಬ್ರೂ ಸಭೆಗಳಲ್ಲಿ ತುಂಬಿದ್ದವರು ಹೆಚ್ಚಾಗಿ ಬಿಳಿಯ ಗಂಡಸರು, ಎಲೆಕ್ಟ್ರಾನಿಕ್ಸ್ ಉದ್ಯಮದ ನೌಕರರು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆ ಚಳವಳಿಯ ನಿಜವಾದ ಮಿತಿಯೇ ಇದು. ಆದರೆ ಆ ಮಿತಿಯನ್ನು ದಾಟುವ ಪ್ರಯತ್ನ ನಡೆದದ್ದೂ ಯಂತ್ರದ ಪಕ್ಕ ಒಬ್ಬರನ್ನು ನಿಲ್ಲಿಸಿ ಬಾಗಿಲು ತೆರೆದಿಟ್ಟ ಮೆನ್ಲೋ ಪಾರ್ಕ್, ಬರ್ಕ್ಲಿಯಂಥ ಕಡೆಗಳಲ್ಲಿಯೇ. ಮಾರಾಟದ ಮಳಿಗೆಗೆ ದುಡ್ಡಿಲ್ಲದವನನ್ನು ಒಳಗೆ ಕರೆಯುವ ಕಾರಣವೇ ಇರಲಿಲ್ಲ. ವಾರೆನ್ ಅವರ ಮೇಳವೂ ಲಾಭಕ್ಕೇ ನಡೆದದ್ದಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು, ಲಾಭವಿತ್ತು. ಹವ್ಯಾಸಿಗಳ ಒಡನಾಟ ಉಳಿದಷ್ಟು ಕಾಲ ಲಾಭ ಅದನ್ನು ಕೆಡಿಸಲಿಲ್ಲ. 1983ರಲ್ಲಿ ಅವರು ಮೇಳವನ್ನು ಪ್ರೆಂಟಿಸ್ ಹಾಲ್ ಪ್ರಕಾಶನಕ್ಕೆ ಮಾರಿದ ಮೇಲೆ ಅದು ಇತರ ವಾಣಿಜ್ಯ ಪ್ರದರ್ಶನಗಳಂತೆಯೇ ಆಯಿತು.

ನಮ್ಮಲ್ಲಿಯೂ ಇದಕ್ಕೆ ನಿದರ್ಶನವಿದೆ. ಕೇಂದ್ರ ಸರ್ಕಾರ 1984ರಲ್ಲಿ ಕ್ಲಾಸ್ ಎಂಬ ಯೋಜನೆಯಡಿ ದೇಶದ 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಯಂತ್ರಗಳನ್ನು ಕಳಿಸಲು ಆರಂಭಿಸಿತು. ಯಂತ್ರ ತಲುಪಿದ ವೇಗದಲ್ಲಿ ಅದರ ಪಕ್ಕ ನಿಲ್ಲಬಲ್ಲ ಶಿಕ್ಷಕರು ತಯಾರಾಗಲಿಲ್ಲ, ನಮ್ಮ ಭಾಷೆಗಳಲ್ಲಿ ಪಾಠದ ಸಾಮಗ್ರಿಯೂ ಇರಲಿಲ್ಲ. ಇದಕ್ಕೆ ಬೇರೆಯಾದ ದಾರಿಯನ್ನು ತೋರಿಸಿದ್ದು 2001ರಲ್ಲಿ ಬೆಂಗಳೂರಿನಲ್ಲಿ ಶುರುವಾದ, ಮುಕ್ತ ತಂತ್ರಾಂಶದ ಆಸಕ್ತರ ಲಿನಕ್ಸ್ ಬೆಂಗಳೂರು ಸಮಾವೇಶ. 2005ರಿಂದ ಫಾಸ್ ಡಾಟ್ ಇನ್ ಎಂಬ ಹೆಸರಿನಲ್ಲಿ ನಡೆದ ಅದನ್ನು ಸ್ವಯಂಸೇವಕರೇ ಕಟ್ಟಿ ನಿಲ್ಲಿಸಿದರು. ಇಂದು ಶಾಲೆಗಳಿಗೆ ಸ್ಮಾರ್ಟ್ ಬೋರ್ಡು, ಟ್ಯಾಬ್ಲೆಟ್ಟು ಕೊಳ್ಳುವ ಇಲಾಖೆಗಳೂ ದಾನಿಗಳೂ ಖರ್ಚಿನ ಪಟ್ಟಿಯಲ್ಲಿ ಆ ಪಕ್ಕದ ಮನುಷ್ಯನಿಗೆ, ಅವನು ತನ್ನಂಥವರನ್ನು ಭೇಟಿಯಾಗುವ ಕೂಟಕ್ಕೆ ಒಂದು ಸಾಲನ್ನಾದರೂ ಮೀಸಲಿಡಬೇಕು.

ವೆಸ್ಟ್ ಕೋಸ್ಟ್ ಕಂಪ್ಯೂಟರ್ ಫೇರ್ 1991ರಲ್ಲಿ ನಿಂತುಹೋಯಿತು. ಆಪಲ್ 2 ತಯಾರಿಕೆ 1993ರಲ್ಲಿ ಮುಗಿಯಿತು. 1978ರಲ್ಲಿ ಕೆಲವೇ ಶಿಕ್ಷಕರು ಕಟ್ಟಿದ ಸಂಘ ಇಂದಿಗೂ ವರ್ಷ ವರ್ಷ ಸಮಾವೇಶ ಸೇರುತ್ತಿದೆ.