ಶಬ್ದಕ್ರೀಡೆಗಳೂ ಪ್ರಾಚೀನ ಕೋಶಗಳ ಪದಕ್ರಮವೂ

ನಮ್ಮ ಪ್ರಾಚೀನ ಕೋಶಗಳ ಮೇಲೆ ಆಧುನಿಕರು ಹೊರಿಸುವ ಆಕ್ಷೇಪಗಳಲ್ಲಿ ಮುಖ್ಯವಾದುದೊಂದುಂಟು. ಅಮರಕೋಶವೇ ಮೊದಲಾದ ಗ್ರಂಥಗಳಲ್ಲಿ ಅಕಾರಾದಿ ಕ್ರಮವಿಲ್ಲ. ಆದಕಾರಣ ಬೇಕಾದ ಶಬ್ದವನ್ನು ಹುಡುಕುವುದು ದುಸ್ಸಾಧ್ಯ. ಗ್ರಂಥವನ್ನು ಕಂಠಪಾಠ ಮಾಡಿದವನಿಗಲ್ಲದೆ ಅದು ಮತ್ತಾರಿಗೂ ಉಪಯೋಗಕ್ಕೆ ಬಾರದು ಎಂಬುದೇ ಆ ಆಕ್ಷೇಪ. ಮೇಲ್ನೋಟಕ್ಕೆ ಇದು ನ್ಯಾಯವಾಗಿಯೇ ತೋರುತ್ತದೆ. ಆದರೆ ಹುಡುಕುವವನು ಯಾರು, ಅವನ ಬಳಿಯಿರುವುದೇನು, ಅವನಿಗೆ ಬೇಕಾದುದೇನು ಎಂಬುದನ್ನು ವಿಚಾರಿಸದೆ ಕ್ರಮದ ಗುಣದೋಷಗಳನ್ನು ನಿರ್ಣಯಿಸುವುದು ಯುಕ್ತವಲ್ಲ. ಗ್ರಂಥವನ್ನು ಓದುವವನಿಗೆ ಶಬ್ದವು ಕಣ್ಣೆದುರಿಗಿರುತ್ತದೆ, ಅರ್ಥ ಬೇಕು. ಪದ್ಯವನ್ನು ರಚಿಸುವವನಿಗೆ ಅರ್ಥವು ಮನಸ್ಸಿನಲ್ಲಿರುತ್ತದೆ, ಶಬ್ದ ಬೇಕು. ಶಬ್ದಕ್ರೀಡೆಯಲ್ಲಿ ತೊಡಗಿದವನಿಗೆ ಅರ್ಥದ ಒಂದು ಸುಳಿವು, ಅಕ್ಷರಗಳ ಸಂಖ್ಯೆ, ಒಂದೋ ಎರಡೋ ಅಕ್ಷರಗಳು ಇಷ್ಟು ಮಾತ್ರ ತಿಳಿದಿರುತ್ತವೆ. ಮೊದಲನೆಯವನಿಗೆ ಅಕಾರಾದಿ ಕೋಶವು ಪರಮೋಪಕಾರಿ. ಉಳಿದಿಬ್ಬರಿಗೆ ಅದು ಬಾಗಿಲಿಲ್ಲದ ಮನೆ. ಪ್ರಾಚೀನ ಕೋಶಗಳು ಆ ಇಬ್ಬರಿಗಾಗಿಯೇ ಬಾಗಿಲುಗಳನ್ನು ಇಟ್ಟಿದ್ದವೆಂಬುದನ್ನು ಶಬ್ದಕ್ರೀಡೆಗಳ ಮೂಲಕ ತೋರಿಸುವುದು ಈ ಲೇಖನದ ಉದ್ದೇಶ.

೧

ಶಬ್ದಕ್ರೀಡೆಗಳು ನಮ್ಮಲ್ಲಿ ಅತಿ ಪ್ರಾಚೀನವಾದುವು. ವಾತ್ಸ್ಯಾಯನನು ಕಾಮಸೂತ್ರದ ವಿದ್ಯಾಸಮುದ್ದೇಶ ಪ್ರಕರಣದಲ್ಲಿ ೬೪ ಕಲೆಗಳನ್ನು ಹೇಳುವಾಗ ಪ್ರಹೇಲಿಕೆ, ಪ್ರತಿಮಾಲೆ, ದುರ್ವಾಚಕಯೋಗ, ಕಾವ್ಯಸಮಸ್ಯಾಪೂರಣ, ಅಕ್ಷರಮುಷ್ಟಿಕಾಕಥನ ಇವುಗಳನ್ನು ಎಣಿಸಿದ್ದಾನೆ. ಪ್ರತಿಮಾಲೆಯೆಂದರೆ, ಒಬ್ಬನು ಹೇಳಿದ ಶ್ಲೋಕದ ಕೊನೆಯ ಅಕ್ಷರದಿಂದ ಆರಂಭವಾಗುವ ಶ್ಲೋಕವನ್ನು ಮತ್ತೊಬ್ಬನು ಹೇಳುವುದು. ವ್ಯಾಖ್ಯಾನಕಾರನಾದ ಯಶೋಧರನು ಇದನ್ನೇ ಅಂತ್ಯಾಕ್ಷರಿಯೆಂದು ವಿವರಿಸಿದ್ದಾನೆ. ಇಂದು ಮನೆಮನೆಯಲ್ಲಿ ಮಕ್ಕಳು ಆಡುವ ಅಂತ್ಯಾಕ್ಷರಿಯು ಹೀಗೆ ಪ್ರಾಚೀನ ಕಲೆಯೊಂದರ ಸಂತತಿ. ಗಮನಿಸಬೇಕಾದ ಅಂಶವೆಂದರೆ, ಅದೇ ಪಟ್ಟಿಯಲ್ಲಿ ಅಭಿಧಾನಕೋಶಜ್ಞಾನವೂ ಛಂದೋಜ್ಞಾನವೂ ಕಲೆಗಳಾಗಿ ಪರಿಗಣಿತವಾಗಿವೆ. ಕೋಶವನ್ನು ಬಲ್ಲವನು ಗೋಷ್ಠಿಯಲ್ಲಿ ಆಡಬಲ್ಲವನು ಎಂಬ ಭಾವನೆ ಅಂದೇ ಇದ್ದಿತೆಂದು ಇದರಿಂದ ಊಹಿಸಬಹುದು.

ಬಾಣಭಟ್ಟನು ಕಾದಂಬರಿಯಲ್ಲಿ ಶೂದ್ರಕರಾಜನ ಕಾಲಯಾಪನೆಯನ್ನು ವರ್ಣಿಸುವಾಗ ಅಕ್ಷರಚ್ಯುತಕ, ಮಾತ್ರಾಚ್ಯುತಕ, ಬಿಂದುಮತಿ, ಗೂಢಚತುರ್ಥಪಾದ, ಪ್ರಹೇಲಿಕೆ ಎಂಬ ಕ್ರೀಡೆಗಳನ್ನು ಹೆಸರಿಸುತ್ತಾನೆ. ಒಂದಕ್ಷರವನ್ನು ತೆಗೆದರೆ ಬೇರೆ ಅರ್ಥ ಬರುವಂತೆ ರಚಿಸುವುದು ಅಕ್ಷರಚ್ಯುತಕ; ಸ್ವರದ ಮಾತ್ರೆಯನ್ನು ತೆಗೆದರೆ ಹಾಗಾಗುವುದು ಮಾತ್ರಾಚ್ಯುತಕ. ವ್ಯಂಜನಗಳ ಸ್ಥಾನದಲ್ಲಿ ಬರಿಯ ಬಿಂದುಗಳನ್ನಿಟ್ಟು, ಸ್ವರಚಿಹ್ನೆಗಳನ್ನು ಮಾತ್ರ ಕೊಟ್ಟು ಪದ್ಯವನ್ನು ಬಿಡಿಸಹೇಳುವುದು ಬಿಂದುಮತಿ. ಮೊದಲ ಮೂರು ಪಾದಗಳ ಅಕ್ಷರಗಳಲ್ಲಿ ನಾಲ್ಕನೆಯ ಪಾದವನ್ನು ಅಡಗಿಸಿಡುವುದು ಗೂಢಚತುರ್ಥಪಾದ. ದಂಡಿಯು ಕಾವ್ಯಾದರ್ಶದ ತೃತೀಯ ಪರಿಚ್ಛೇದದಲ್ಲಿ ಪ್ರಹೇಲಿಕೆಗಳಲ್ಲಿ ೧೬ ಭೇದಗಳನ್ನು ಹೇಳಿ, ಕ್ರೀಡಾಗೋಷ್ಠಿಯ ವಿನೋದಕ್ಕೂ, ಜನಸಂದಣಿಯಲ್ಲಿ ತಿಳಿದವರೊಡನೆ ಗುಟ್ಟಾಗಿ ಮಾತನಾಡುವುದಕ್ಕೂ, ಪರರನ್ನು ಬೆರಗುಗೊಳಿಸುವುದಕ್ಕೂ ಅವು ಉಪಯುಕ್ತವೆಂದಿದ್ದಾನೆ. ಪ್ರಹೇಲಿಕೆಯು ರಸಕ್ಕೆ ಅಡ್ಡಿಯಾದುದರಿಂದ ಅಲಂಕಾರವೇ ಅಲ್ಲವೆಂದು ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ತಳ್ಳಿಹಾಕಿದನು. ಅದು ಕಾವ್ಯದ ದೃಷ್ಟಿಯಿಂದ ಸರಿ. ಕೋಶದ ಚರಿತ್ರೆಯ ದೃಷ್ಟಿಯಿಂದ ಈ ತಿರಸ್ಕೃತವಾದ ಆಟಗಳೇ ನಮಗೆ ದಾರಿದೀಪಗಳು.

೨

ಕೋಶಗಳು ಸಾಮಾನ್ಯವಾಗಿ ಎರಡು ವಿಧ: ಒಂದರ್ಥಕ್ಕೆ ಅನೇಕ ಶಬ್ದಗಳನ್ನು ಕೊಡುವ ಸಮಾನಾರ್ಥಕೋಶ, ಒಂದು ಶಬ್ದಕ್ಕೆ ಅನೇಕಾರ್ಥಗಳನ್ನು ಕೊಡುವ ನಾನಾರ್ಥಕೋಶ. ಅಮರಸಿಂಹನು ಮೂರು ಕಾಂಡಗಳಲ್ಲಿ ಮುಖ್ಯವಾಗಿ ಮೊದಲನೆಯದನ್ನೂ, ತೃತೀಯಕಾಂಡದ ನಾನಾರ್ಥವರ್ಗದಲ್ಲಿ ಎರಡನೆಯದನ್ನೂ ಅಳವಡಿಸಿದ್ದಾನೆ.

ಸಮಾನಾರ್ಥಭಾಗದ ವರ್ಗಕ್ರಮವು ಹೇಗೆ ನೆರವಾಗುತ್ತದೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಹೀಗೊಂದು ಪ್ರಶ್ನೆಯಿದೆಯೆಂದು ಭಾವಿಸಿರಿ: “ಮೂರಕ್ಷರದ ನಾನು ನೀರಿನ ರಾಶಿ, ಮೊದಲಿಲ್ಲದಿದ್ದರೆ ಕೊಲ್ಲುವೆನು, ನಡುವಿಲ್ಲದಿದ್ದರೆ ತಿರುಳು, ಮೊದಲಿನ ದೀರ್ಘ ಹೋದರೆ ಅರಸು.” ಅಕಾರಾದಿ ಕೋಶದಲ್ಲಿ ಇದಕ್ಕೆ ಉತ್ತರವನ್ನು ಎಲ್ಲಿಂದ ಹುಡುಕಲಾರಂಭಿಸಬೇಕು? ಅಮರದಲ್ಲಾದರೆ ವಾರಿವರ್ಗಕ್ಕೆ ಹೋಗಬೇಕು. ಅಲ್ಲಿ ಸಮುದ್ರಕ್ಕೆ ೧೫ ಹೆಸರುಗಳಿವೆ. ಹಲಂತಗಳಾದ ಉದನ್ವಾನ್, ಸರಸ್ವಾನ್ ಎಂಬಿವನ್ನು ಬಿಟ್ಟರೆ ಮೂರಕ್ಷರದವು ಸಮುದ್ರ, ಉದಧಿ, ಸಾಗರ, ಅರ್ಣವ ಎಂಬ ನಾಲ್ಕೇ. ಉದಧಿಯ ಮೊದಲಕ್ಷರ ಹೋದರೆ ದಧಿ, ಎಂದರೆ ಮೊಸರು; ಅದು ಕೊಲ್ಲುವುದಿಲ್ಲ. ಸಾಗರದ ಮೊದಲಕ್ಷರ ಹೋದರೆ ಗರ, ಎಂದರೆ ವಿಷ. ನಡುವಿನದು ಹೋದರೆ ಸಾರ. ದೀರ್ಘ ಹೋದರೆ ಸಗರ, ಸೂರ್ಯವಂಶದ ಅರಸು. ಹೀಗೆ ಸಾವಿರಾರು ಶಬ್ದಗಳ ಕಾಡಿನಿಂದ ೧೫ಕ್ಕೆ, ೧೫ರಿಂದ ನಾಲ್ಕಕ್ಕೆ, ನಾಲ್ಕರಿಂದ ಒಂದಕ್ಕೆ ಬಂದೆವು. ಈ ಇಳಿತವನ್ನು ಸುಗಮಗೊಳಿಸಿದುದು ವರ್ಗಕ್ರಮವೇ.

೩

ನಾನಾರ್ಥಭಾಗದ ಕ್ರಮವು ಇನ್ನೂ ವಿಚಾರಾರ್ಹವಾದುದು. ಅಮರದ ನಾನಾರ್ಥವರ್ಗದಲ್ಲಿ ಶಬ್ದಗಳು ಕಾಂತ, ಖಾಂತ, ಗಾಂತ ಎಂಬಂತೆ ಕೊನೆಯ ವ್ಯಂಜನವನ್ನನುಸರಿಸಿ ಜೋಡಣೆಗೊಂಡಿವೆ. ಶಾಲಿವಾಹನ ಶಕ ೧೦೩೩, ಎಂದರೆ ಕ್ರಿ. ಶ. ೧೧೧೧ರಲ್ಲಿ ಮಹೇಶ್ವರನು ರಚಿಸಿದ ವಿಶ್ವಪ್ರಕಾಶದಲ್ಲಿ ಕೊನೆಯ ವ್ಯಂಜನದೊಡನೆ ಅಕ್ಷರಸಂಖ್ಯೆಯೂ ಕ್ರಮಕ್ಕೆ ಆಧಾರವಾಯಿತು. ಮೇದಿನೀಕೋಶದಲ್ಲಿ ಈ ಎರಡರ ಜೊತೆಗೆ ಮೊದಲ ಅಕ್ಷರವನ್ನೂ ಲಕ್ಷಿಸಲಾಯಿತು. ೧೨ನೆಯ ಶತಮಾನದ ಹೇಮಚಂದ್ರನು ಅನೇಕಾರ್ಥಸಂಗ್ರಹವನ್ನು ಏಕಾಕ್ಷರದಿಂದ ಷಡಕ್ಷರದವರೆಗೆ ಆರು ಕಾಂಡಗಳಾಗಿಯೇ ವಿಂಗಡಿಸಿ, ಕೊನೆಯಲ್ಲಿ ಅವ್ಯಯಗಳನ್ನು ಸೇರಿಸಿದನು. ಯಾದವಪ್ರಕಾಶನ ವೈಜಯಂತಿಯಲ್ಲಿಯೂ ನಾನಾರ್ಥಭಾಗವು ದ್ವ್ಯಕ್ಷರ, ತ್ರ್ಯಕ್ಷರ, ಶೇಷ ಎಂದು ಮೂರು ಕಾಂಡಗಳಾಗಿದೆ. ಅಕ್ಷರಸಂಖ್ಯೆ, ಅಂತ್ಯಾಕ್ಷರ, ಆದ್ಯಕ್ಷರ ಇವು ಮೂರೂ ಗೋಷ್ಠಿಯಲ್ಲಿ ಕೇಳುವ ಸುಳಿವುಗಳೇ. ಈ ಕೋಶಗಳು ಕ್ರೀಡೆಗಾಗಿಯೇ ಹುಟ್ಟಿದುವೆಂದು ನಾವು ಹೇಳುವುದಿಲ್ಲ. ಶ್ಲೇಷ ಯಮಕಾದಿಗಳನ್ನು ರಚಿಸುವ ಕವಿಗಳಿಗಾಗಿ ಅವು ಹುಟ್ಟಿರಬೇಕು. ಆದರೆ ಆ ಕವಿಯೂ ಗೋಷ್ಠಿಯ ಆಟಗಾರನೂ ಹುಡುಕುವ ರೀತಿ ಒಂದೇ.

ನಾನಾರ್ಥಜ್ಞಾನವಿಲ್ಲದೆ ಪ್ರಹೇಲಿಕೆಯನ್ನು ಬಿಡಿಸುವುದು ಸಾಧ್ಯವಿಲ್ಲವೆಂಬುದಕ್ಕೆ ‘ಹರಿ’ ಶಬ್ದವೊಂದೇ ಸಾಕು. ಯಮ, ವಾಯು, ಇಂದ್ರ, ಚಂದ್ರ, ಸೂರ್ಯ, ವಿಷ್ಣು, ಸಿಂಹ, ಕಿರಣ, ಕುದುರೆ, ಗಿಳಿ, ಹಾವು, ಕಪಿ, ಕಪ್ಪೆ ಎಂಬ ೧೩ ಅರ್ಥಗಳನ್ನೂ ಕಪಿಲವರ್ಣವನ್ನೂ ಅಮರನು ಹೇಳಿದ್ದಾನೆ. “ಹರಿಯ ಬಾಯಿಗೆ ಬಿದ್ದ ಹರಿಯನ್ನು ಕಂಡು ಹರಿಯು ಮರವನ್ನೇರಿತು” ಎಂದರೆ ವಿಷ್ಣುವೊಬ್ಬನನ್ನೇ ಬಲ್ಲವನು ಕಂಗೆಡುವನು; ನಾನಾರ್ಥವನ್ನು ಬಲ್ಲವನಿಗೆ ಹಾವು, ಕಪ್ಪೆ, ಕಪಿ ಮೂರೂ ಒಡನೆಯೇ ಕಾಣುವುವು. ‘ಗೋ’ ಶಬ್ದಕ್ಕೆ ಸ್ವರ್ಗ, ಬಾಣ, ಪಶು, ವಾಕ್ಕು, ವಜ್ರ, ದಿಕ್ಕು, ಕಣ್ಣು, ಕಿರಣ, ಭೂಮಿ, ನೀರು ಎಂಬ ಹತ್ತು ಅರ್ಥಗಳು. ಏಕಾಕ್ಷರಕೋಶಗಳಲ್ಲಿ ‘ಕ’ ಎಂಬ ಒಂದೇ ಅಕ್ಷರಕ್ಕೆ ಬ್ರಹ್ಮ, ವಾಯು, ಸೂರ್ಯ, ತಲೆ, ನೀರು, ಸುಖ ಎಂಬ ಅರ್ಥಗಳು ದೊರೆಯುತ್ತವೆ.

೪

ಕನ್ನಡಿಗರಿಗೆ ಈ ಅಂತ್ಯಾಕ್ಷರಕ್ರಮದಿಂದ ವಿಶೇಷವಾದ ಪ್ರಯೋಜನವೊಂದುಂಟು. ನಮ್ಮ ಛಂದಸ್ಸಿನಲ್ಲಿ ಪ್ರಾಸವು ಪಾದದ ಎರಡನೆಯ ಅಕ್ಷರದ ವ್ಯಂಜನದಲ್ಲಿ ನಿಲ್ಲುತ್ತದೆ. ಎರಡಕ್ಷರದ ಶಬ್ದದಲ್ಲಿ ಕೊನೆಯ ವ್ಯಂಜನವೇ ಎರಡನೆಯ ವ್ಯಂಜನ. ಕರ, ಶರ, ವರ, ಹರಿ, ಗಿರಿ ಎಂಬ ರಾಂತ ದ್ವ್ಯಕ್ಷರಗಳೆಲ್ಲವೂ ಕನ್ನಡ ಕವಿಗೆ ರೇಫಪ್ರಾಸದ ಸಿದ್ಧಪಟ್ಟಿಯಾಗುತ್ತವೆ. ಪಾದಾರಂಭಕ್ಕೆ ಶಬ್ದವನ್ನು ಅರಸುವ ಕನ್ನಡ ಕವಿಯು ಸಂಸ್ಕೃತದ ನಾನಾರ್ಥಕೋಶವನ್ನು ಹೀಗೆ ಪ್ರಾಸಕೋಶವನ್ನಾಗಿಯೂ ಬಳಸಿಕೊಳ್ಳಬಹುದಾಗಿದ್ದಿತು. ಮೂರಕ್ಷರದ ಶಬ್ದಗಳಲ್ಲಿ ಈ ಸೌಕರ್ಯವಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು.

ಕನ್ನಡದ ಕೋಶಗಳೂ ಕವಿಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಹುಟ್ಟಿದವು. ಅಳಿದುಳಿದು ಬಂದಿರುವ ರನ್ನಕಂದ, ಎರಡನೆಯ ನಾಗವರ್ಮನ ಅಭಿಧಾನವಸ್ತುಕೋಶ, ಕ್ರಿ. ಶ. ೧೩೯೮ರ ಮಂಗರಾಜನ ನಿಘಂಟು, ೧೬ನೆಯ ಶತಮಾನದ ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿ ಇವೆಲ್ಲವೂ ಪದ್ಯರೂಪವಾದುವು. ಕಡೆಯದರ ಹೆಸರೇ ಅದು ಯಾರ ಕೈಗೆಂಬುದನ್ನು ಸಾರುತ್ತದೆ. ಕೇಶಿರಾಜನು ಶಬ್ದಮಣಿದರ್ಪಣದ ಕೊನೆಯಲ್ಲಿ ಪ್ರಯೋಗಸಾರವನ್ನು ಸೇರಿಸಿ ವಿರಳವಾದ ಕನ್ನಡ ಶಬ್ದಗಳಿಗೆ ಅರ್ಥವನ್ನು ಕೊಟ್ಟಿರುವುದೂ ಇದೇ ಜಾತಿಯ ಉಪಕಾರ.

ಅಚ್ಚಗನ್ನಡದಲ್ಲಿಯೂ ನಾನಾರ್ಥಗಳಿಗೆ ಕೊರತೆಯಿಲ್ಲ. ಆರು, ಏಳು, ಹತ್ತು ಎಂಬುವು ಸಂಖ್ಯೆಗಳೂ ಹೌದು, ಕ್ರಿಯೆಗಳೂ ಹೌದು. ಕಾಲು ಎಂದರೆ ಅಂಗ, ನಾಲ್ಕನೆಯ ಒಂದು ಪಾಲು. ಅರೆ ಎಂದರೆ ಅರ್ಧ, ಬಂಡೆ, ನುಣ್ಣಗೆ ತೇಯುವಿಕೆ. ಆದರೆ ಇಲ್ಲಿ ಚರಿತ್ರಕಾರನು ಎಚ್ಚರದಿಂದಿರಬೇಕು. ಇಂದು ‘ಬಾಳು’ ಎಂಬುದು ಜೀವನವನ್ನೂ ಕತ್ತಿಯನ್ನೂ ಹೇಳುತ್ತದೆ. ಹಳಗನ್ನಡದಲ್ಲಿ ಮೊದಲನೆಯದು ‘ಬಾೞ್’, ಎರಡನೆಯದು ‘ಬಾಳ್’. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ೞಕಾರವೂ ಱಕಾರವೂ ಬಳಕೆಯಿಂದ ಜಾರಿದ ಮೇಲೆ ಇವು ಒಂದಾದುವು. ಆದುದರಿಂದ ಕಾಲವು ತಿಳಿಯದ ಒಗಟೊಂದು ‘ಬಾಳು’ ಶಬ್ದದ ಈ ಎರಡರ್ಥಗಳ ಮೇಲೆಯೇ ನಿಂತಿದ್ದರೆ, ಅದು ಅಕ್ಷರಗಳ ಭೇದವು ಅಳಿದ ಮೇಲೆ ಹುಟ್ಟಿದುದೆಂದು ಊಹಿಸಲು ಅವಕಾಶವುಂಟು. ಚಿತ್ರಕಾವ್ಯದಲ್ಲಿ ಡಕಾರ ಲಕಾರಗಳಿಗೂ, ಬಕಾರ ವಕಾರಗಳಿಗೂ, ರೇಫ ಲಕಾರಗಳಿಗೂ ಭೇದವನ್ನೆಣಿಸಬಾರದೆಂಬ ಸಂಪ್ರದಾಯವಿರುವುದರಿಂದ ಇದೊಂದನ್ನೇ ಪ್ರಮಾಣವಾಗಿ ಹಿಡಿಯಬಾರದು. ಬೇರೆ ಸಾಧನಗಳೊಡನೆ ಸೇರಿಸಿ ನೋಡಬೇಕು. ಹಳ್ಳಿಯ ಒಗಟುಗಳಲ್ಲಿ ಬಹುಭಾಗಕ್ಕೆ ಉತ್ತರವು ಲೋಕಾನುಭವದಿಂದ ದೊರೆಯುತ್ತದೆ, ಕೋಶದಿಂದಲ್ಲ. ಅವುಗಳಿಗೆ ಈ ಪರೀಕ್ಷೆಯು ಅನ್ವಯಿಸದು.

೫

ಮುದ್ರಣವು ಬಂದ ಮೇಲೆ ಕನ್ನಡದಲ್ಲಿ ಅಕಾರಾದಿ ಕೋಶಗಳು ತಲೆಯೆತ್ತಿದುವು. ರೀವ್ ಸಾಹೇಬರ ಕನ್ನಡ-ಇಂಗ್ಲಿಷ್ ಕೋಶವು ೧೮೩೨ರಲ್ಲಿಯೂ, ಕಿಟ್ಟೆಲರ ಮಹಾಕೋಶವು ೧೮೯೪ರಲ್ಲಿ ಮಂಗಳೂರಿನಿಂದಲೂ ಹೊರಬಂದುವು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ೧೯೭೦ರಿಂದ ೧೯೯೫ರವರೆಗೆ ಎಂಟು ಸಂಪುಟಗಳಲ್ಲಿ ಸಂಪೂರ್ಣವಾಯಿತು. ಇವುಗಳ ಋಣವನ್ನು ಕನ್ನಡಿಗರು ತೀರಿಸಲಾರರು. ಆದರೂ ಅರ್ಥದಿಂದ ಶಬ್ದಕ್ಕೆ ಹೋಗುವ ದಾರಿಯು ಇವುಗಳಿಂದ ತೆರೆಯುವುದಿಲ್ಲ.

ಆ ದಾರಿಯ ಅವಶ್ಯಕತೆ ಇಂದು ತಗ್ಗಿಲ್ಲ. ೧೯೧೩ರ ಡಿಸೆಂಬರ್ ೨೧ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬವರು ಪ್ರಕಟಿಸಿದ ಪದಗಳ ಚೌಕಟ್ಟು ಲೋಕವನ್ನೆಲ್ಲ ವ್ಯಾಪಿಸಿ, ಕನ್ನಡದಲ್ಲಿ ಪದಬಂಧವೆಂಬ ಹೆಸರನ್ನು ತಳೆದಿದೆ. ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ವರ್ಣ. ಕನ್ನಡದಲ್ಲಿ ಸ್ವರ, ಒತ್ತಕ್ಷರಗಳೊಡಗೂಡಿದ ಒಂದು ಪೂರ್ಣಾಕ್ಷರ. ‘ಸಮುದ್ರ’ ಎಂಬುದಕ್ಕೆ ಮೂರೇ ಮನೆಗಳು. ಮಹೇಶ್ವರ ಹೇಮಚಂದ್ರರು ಎಣಿಸಿದುದೂ ಇದೇ ಅಕ್ಷರವನ್ನು. ಅರ್ಥದ ಸುಳಿವು, ಮನೆಗಳ ಸಂಖ್ಯೆ, ಅಡ್ಡಸಾಲಿನಿಂದ ದೊರೆತ ಒಂದಕ್ಷರ ಇವುಗಳನ್ನು ಹಿಡಿದುಕೊಂಡು ಉತ್ತರವನ್ನರಸುವ ಇಂದಿನ ಓದುಗನಿಗೆ ತಕ್ಕ ಕೋಶವು ಒಂಬೈನೂರು ವರ್ಷಗಳ ಹಿಂದೆಯೇ ರೂಪುಗೊಂಡಿದ್ದಿತು.

ಆದಕಾರಣ ವಿದ್ವಾಂಸರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಪ್ರಾಚೀನ ಕೋಶಗಳನ್ನು ಸಂಪಾದಿಸುವಾಗ ಅಕಾರಾದಿಯನ್ನು ಅನುಬಂಧವಾಗಿ ಕೊಡುವುದು ಅಗತ್ಯ. ಆದರೆ ಸೌಕರ್ಯಕ್ಕೆಂದು ಮೂಲದ ಕ್ರಮವನ್ನೇ ಮುರಿದು ಶಬ್ದಗಳನ್ನು ಹೊಸದಾಗಿ ಜೋಡಿಸಬಾರದು. ಕ್ರಮವೂ ಗ್ರಂಥಕಾರನ ಮಾತೇ. ಎರಡನೆಯದಾಗಿ, ದೇಶ್ಯಶಬ್ದಗಳನ್ನೂ ಒಳಗೊಂಡು ಅಕ್ಷರಸಂಖ್ಯೆ, ಅಂತ್ಯಾಕ್ಷರ, ಆದ್ಯಕ್ಷರಗಳ ಕ್ರಮದಲ್ಲಿ ಒಂದು ಕನ್ನಡ ನಾನಾರ್ಥಕೋಶವು ಸಿದ್ಧವಾಗಬೇಕು. ಕೋಶವನ್ನು ಕಂಠಸ್ಥ ಮಾಡುವ ಪದ್ಧತಿ ವಿರಳವಾದಂತೆ, ಆ ಕ್ರಮಗಳ ಪ್ರಯೋಜನವನ್ನು ಅನುಭವದಿಂದ ಬಲ್ಲವರೂ ವಿರಳರಾಗುತ್ತಿದ್ದಾರೆ. ಬಲ್ಲವರಿರುವಾಗಲೇ ಈ ಕಾರ್ಯವು ಆರಂಭವಾಗುವುದು ಶ್ರೇಯಸ್ಕರ.