ಒಂದಿರುಳಿನ ಅತಿಥಿ

ಮನೆಗೆ ಬಂದವರನ್ನು ಹೇಗೆ ಆದರಿಸಬೇಕೆಂದು ಹೇಳುವ ಮಾತು ನಮ್ಮ ಗ್ರಂಥಗಳಲ್ಲಿ ಹೇರಳವಾಗಿದೆ. ಬಂದವನು ಹೇಗಿರಬೇಕೆಂಬ ಮಾತು ಮಾತ್ರ ವಿರಳ. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಅಂಥದೊಂದು ಎಳೆ ಸಿಕ್ಕುತ್ತದೆ. ಒಂದು ರಾತ್ರಿ ಮಾತ್ರ ತಂಗುವ ಬ್ರಾಹ್ಮಣನು ಅತಿಥಿ. ಅವನ ಇರುವಿಕೆ ಸ್ಥಿರವಲ್ಲವಾದ್ದರಿಂದಲೇ ಆ ಹೆಸರು ಎಂದು ಅಲ್ಲಿ ವಿವರಿಸಿದೆ. ಪರರ ಅಡಿಗೆಯನ್ನೇ ನೆಚ್ಚಿ ತಿರುಗುವ ಗೃಹಸ್ಥನು ಸತ್ತ ಮೇಲೆ ಅನ್ನವಿಟ್ಟವರ ಪಶುವಾಗುತ್ತಾನೆಂಬ ಎಚ್ಚರಿಕೆಯೂ ಅದರ ಹಿಂದೆಯೇ ಇದೆ. ಉಂಡ ಸಾಲವನ್ನು ನೊಗ ಹೊತ್ತು ತೀರಿಸಲಿ ಎಂದು ಸ್ಮೃತಿಕಾರನ ಲೆಕ್ಕವಿದ್ದೀತು!

ಬ್ರಾಹ್ಮಣರನ್ನು ಕುರಿತ ಈ ಮಾತನ್ನು ಎಲ್ಲರಿಗೂ ಅನ್ವಯಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಅತಿಥಿಯ ಹೊರೆ ಎಲ್ಲ ಕಡೆಯೂ ಒಂದೇ ಅಲ್ಲ. 1997ರಿಂದ ದಾವಣಗೆರೆ ಜಿಲ್ಲೆಗೆ ಸೇರಿರುವ ಸೀಮೆಗಳನ್ನೇ ನೋಡಿ. ಹೊನ್ನಾಳಿಗೆ ತುಂಗಭದ್ರೆಯಿದೆ, ಚನ್ನಗಿರಿ ತಾಲ್ಲೂಕಿಗೆ ಸೂಳೆಕೆರೆಯಿದೆ. ಮಳೆ ಕಡಿಮೆಯಾದ ಜಗಳೂರಿನ ಕಡೆ ಹೆಂಗಸರು ದೂರದ ಬಾವಿಯಿಂದ ಕೊಡ ಹೊತ್ತು ತರುತ್ತಿದ್ದ ಕಾಲದಲ್ಲಿ, ಹಂಡೆಗಟ್ಟಲೆ ಬಿಸಿನೀರು ಸುರಿದುಕೊಳ್ಳುವ ನೆಂಟನು ಉಂಡದ್ದಕ್ಕಿಂತ ಮಿಂದದ್ದೇ ದುಬಾರಿ.

ಹಳ್ಳಿಗೆ ನಿಜವಾಗಿ ಭಾರವಾದವನು ನೆಂಟನೂ ಅಲ್ಲ. ಸವಾರಿ ಬಂದ ಅಧಿಕಾರಿ. ಅವನ ಮುಕ್ಕಾಮಿಗೆ ಸೌದೆ, ಹುಲ್ಲು, ಹಾಲು, ಹೊರೆಯಾಳು ಎಲ್ಲವೂ ಬಿಟ್ಟಿಯಾಗಿ ಒದಗಬೇಕಾಗಿತ್ತು. ಇದಕ್ಕೆ ತೀರ ಬೇರೆಯಾದವರು ಲಂಬಾಣಿಗಳು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವನ್ನು ತಮ್ಮ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪೂಜಿಸುವ ಈ ಜನ, ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದೇಶ ಸುತ್ತುತ್ತಿದ್ದಾಗ ಊರ ಹೊರಗೆ ಬೀಡುಬಿಟ್ಟು ತಮ್ಮ ಒಲೆಯನ್ನು ತಾವೇ ಹೊತ್ತಿಸಿಕೊಂಡರು. ಅವರನ್ನು ಒಳಕ್ಕೆ ಕರೆದವರೆಷ್ಟು ಮಂದಿ ಎಂದೂ ಕೇಳಿಕೊಳ್ಳಬೇಕು, ಅದು ಬೇರೆ ಮಾತು.

ಅತಿಥಿಯ ನಡತೆಯನ್ನೇ ರಾಜಕೀಯದ ಪ್ರಶ್ನೆಯಾಗಿಸಿದ ಪ್ರಸಂಗವೊಂದು 1930ರ ದಂಡಿಯಾತ್ರೆಯಲ್ಲಿ ನಡೆಯಿತು. ಮಾರ್ಚ್ 12ರಂದು ಸಾಬರಮತಿಯಿಂದ ಹೊರಟ ಗಾಂಧೀಜಿಯ ತಂಡ ದಾರಿಯುದ್ದಕ್ಕೂ ಹಳ್ಳಿಗಳ ಅತಿಥಿ. ಊಟ ಸರಳವಾಗಿರಲಿ, ಸಿಹಿ ಬೇಡ ಎಂದು ಮೊದಲೇ ತಿಳಿಸಿದ್ದರು. ಆದರೂ ಸೂರತ್ತಿನಿಂದ ಮೋಟಾರಿನಲ್ಲಿ ಹಾಲು ಬಂತು. ರಾತ್ರಿಯ ನಡಿಗೆಗೆ ಸೀಮೆಎಣ್ಣೆಯ ಭಾರವಾದ ದೀಪವನ್ನು ಬಡ ಕೂಲಿಯವನ ತಲೆಯ ಮೇಲೆ ಹೊರಿಸಿದರು. ಅದನ್ನು ಕಂಡು ಗಾಂಧೀಜಿ ಸಂಕಟಪಟ್ಟರು. ಮಾರ್ಚ್ 29ರಂದು ಭಟಗಾಮಿನ ಸಭೆಯಲ್ಲಿ ತಮ್ಮನ್ನೂ ತಮ್ಮವರನ್ನೂ ಕಟುವಾಗಿಯೇ ವಿಚಾರಿಸಿಕೊಂಡರು. ವೈಸರಾಯರ ಸಂಬಳ ನಮ್ಮ ಸರಾಸರಿ ವರಮಾನದ 5,000 ಪಟ್ಟಿಗಿಂತ ಹೆಚ್ಚೆಂದು ಆಕ್ಷೇಪಿಸಿದ್ದ ತಮಗೆ, ಹೀಗೆ ಜನರ ಶಕ್ತಿ ಮೀರಿ ಬದುಕಿದರೆ ಆ ಪತ್ರ ಬರೆಯುವ ಹಕ್ಕೆಲ್ಲಿಯದು ಎಂಬುದು ಅವರ ಪ್ರಶ್ನೆ.

ಆ ತಂಡದಲ್ಲಿ ನಮ್ಮ ಕಡೆಯ ತರುಣರೊಬ್ಬರಿದ್ದರು: ಹೊನ್ನಾಳಿ ಸೀಮೆಗೆ ಬಹುದೂರವಲ್ಲದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು. 1942ರಲ್ಲಿ ಅವರು ಭೂಗತರಾಗಿ ಹೋರಾಡಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಆ ದಿನಗಳಲ್ಲಿ ಇಂಥವರಿಗೆ ಒಂದಿರುಳು ಆಸರೆ ಕೊಟ್ಟ ಮನೆಯ ಬಾಗಿಲಿಗೆ ಬೆಳಗಾಗುವಷ್ಟರಲ್ಲಿ ಪೊಲೀಸರು ಬರಬಹುದಾಗಿತ್ತು. ಬಂದವನು ಕೋಳಿ ಕೂಗುವ ಮುನ್ನ, ಹಾಸಿದ ಕಂಬಳಿಯ ಗುರುತೂ ಉಳಿಯದಂತೆ ಮಡಿಸಿಟ್ಟು ಹೊರಡಬೇಕಾಗಿತ್ತು.